ಲೋಟಕ್ಕೆ ಬಂದ ಬಿಂಬುಳಿ: ಹಸಿ ಆಹಾರದ ಕುರಿತು ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕೇರಳ ಸರಕಾರದ ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಕಾಸರಗೋಡಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಎಣ್ಮಕಜೆ ಪಂಚಾಯತಿನ ಒಂದು ಅಡಿಕೆ ತೋಟದ ಮನೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರಕಾರಕ್ಕೆ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುವುದರಿಂದ ಕನ್ನಡದಲ್ಲೇ ಬರೆದಿದ್ದೇನೆ. ಅಲ್ಲದೆ ನಾನು ಹೇಳಬೇಕಾಗಿರುವ ವಿಷಯದಲ್ಲಿ ಭಾಷೆಯದೇ ಅರ್ಧ ಪಾಲು ಇದೆ. ಅದು ಹೇಗೆಂಬುದು ಮುಂದೆ ತಮಗೆ ತಿಳಿಯುತ್ತದೆ.

ಕೆಲವು ವರ್ಷಗಳಿಂದ ನಮ್ಮ ಕಡೆಯ ಊರುಗಳಲ್ಲಿ ಹಸಿ ಆಹಾರದ ಶಿಬಿರಗಳು ನಡೆಯುತ್ತಿವೆ. ಒಂದು ಸಭಾಭವನವನ್ನು ಹಿಡಿದು, ಐದೋ ಏಳೋ ದಿನ ಜನರನ್ನು ಕೂಡಿಸಿ, ಬೇಯಿಸದ ತರಕಾರಿ, ಸೊಪ್ಪಿನ ರಸ, ಹಣ್ಣು, ತೆಂಗಿನಕಾಯಿ, ಮೊಳಕೆಕಾಳು ಇಷ್ಟನ್ನೇ ತಿನ್ನಿಸಿ, ನಮ್ಮ ಹಿರಿಯರು ಹೀಗೆಯೇ ಉಂಡು ರೋಗವಿಲ್ಲದೆ ಬಾಳಿದರೆಂದು ಬೋಧಿಸುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಒಲೆಯನ್ನು ಬಿಟ್ಟವನಿಗೆ ಮಾತ್ರೆಯ ಅಗತ್ಯವಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವೂ ತಾವಾಗಿಯೇ ಹೋಗುತ್ತವೆ ಎಂಬ ಮಾತನ್ನೂ ಅಲ್ಲಿ ಹೇಳುತ್ತಾರೆ. ಎಪ್ಪತ್ತು ದಾಟಿದವರು ಅದನ್ನು ನಂಬಿ ಮನೆಗೆ ಬರುತ್ತಾರೆ.

ನಾನು ಹಸಿ ಆಹಾರದ ವಿರೋಧಿಯಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ಆರು ವರ್ಷಗಳ ಹಿಂದೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯಲ್ಲಿದೆಯೆಂದು ತಿಳಿದಾಗ, ವೈದ್ಯರಲ್ಲಿ ಕೇಳಿಯೇ ನನ್ನ ಬೆಳಗಿನ ಮತ್ತು ರಾತ್ರಿಯ ಊಟವನ್ನು ಬದಲಿಸಿದೆ. ಬೆಳಿಗ್ಗೆ ಮೊಳಕೆ ಬಂದ ಹೆಸರುಕಾಳಿಗೆ ಕಾಯಿತುರಿ ಮತ್ತು ಮುಳ್ಳುಸೌತೆ, ಕಾಲಕ್ಕೆ ತಕ್ಕ ಹಣ್ಣು. ರಾತ್ರಿ ಕೋಸಂಬರಿ ಮತ್ತು ಮಜ್ಜಿಗೆ. ಮಧ್ಯಾಹ್ನಕ್ಕೆ ಮಾತ್ರ ಕುಚ್ಚಲಕ್ಕಿ ಅನ್ನ, ಅದರ ಮೊದಲ ತುತ್ತಿಗೆ ಒಂದು ತಂಬುಳಿ. ತೂಕ ಇಳಿಯಿತು, ಮಲಬದ್ಧತೆ ಹೋಯಿತು, ಸಕ್ಕರೆ ಗಡಿಯಿಂದ ಹಿಂದೆ ಸರಿಯಿತು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಎಷ್ಟು ಮನೆಗಳ ಬಟ್ಟಲಿನಲ್ಲಿ ಅಷ್ಟಿರುತ್ತದೆ? ಬೇಯಿಸಿದರೆ ಸಿ ಜೀವಸತ್ವವೂ ಫೋಲೇಟೂ ಸಾಕಷ್ಟು ನಷ್ಟವಾಗುತ್ತವೆ ಎಂಬುದೂ ನಿಜ. ಆದುದರಿಂದ ಶಿಬಿರದವರು ಹೇಳುವುದೆಲ್ಲ ಸುಳ್ಳೆಂದು ನಾನು ಹೇಳಲಾರೆ. ಅರ್ಧ ನಿಜ ಅದರಲ್ಲಿ ಇರುವುದರಿಂದಲೇ ನಮ್ಮ ಮಾವ ಅವರನ್ನು ಪೂರ್ತಿಯಾಗಿ ನಂಬಿದರು.

ಮಾವನಿಗೆ ಎಪ್ಪತ್ತೊಂದು ವರ್ಷ. ಕಳೆದ ಬೇಸಗೆಯಲ್ಲಿ ಶಿಬಿರ ಮುಗಿಸಿ ಬಂದವರು ಅತ್ತೆಯೊಡನೆ, "ಇನ್ನು ನನಗಾಗಿ ಒಲೆ ಹೊತ್ತಿಸಬೇಡ" ಎಂದರು. ಮಾತ್ರೆಗಳ ಡಬ್ಬಿ ಅಟ್ಟಕ್ಕೆ ಹೋಯಿತು. ನಮ್ಮ ಬಚ್ಚಲಕೊಟ್ಟಗೆಯ ಪಕ್ಕದಲ್ಲಿ ಬಿಂಬುಳಿ ಎಂಬ ಹುಳಿಕಾಯಿಯ ಒಂದು ಮರವಿದೆ. ಬೇಸಗೆಯಲ್ಲಿ ಅದರ ಕಾಂಡಕ್ಕೆ ಕಾಯಿಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತವೆ. ಕೊಲೆಸ್ಟರಾಲ್ ಕರಗಲು ಬಿಂಬುಳಿಯ ರಸ ಉತ್ತಮವೆಂದು ಶಿಬಿರದಲ್ಲಿ ಹೇಳಿದ್ದರಂತೆ. ಪ್ರತಿದಿನ ಬೆಳಿಗ್ಗೆ ಮಾವ ಹದಿನೈದಿಪ್ಪತ್ತು ಕಾಯಿ ಕೊಯ್ದು, ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಉಪ್ಪೂ ನೀರೂ ಬೆರೆಸದೆ ಒಂದು ಲೋಟ ತುಂಬ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದರು. ಹುಳಿಗೆ ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ. ಹನ್ನೆರಡನೆಯ ದಿನ ಬಿಕ್ಕಳಿಕೆ ಹಿಡಿಯಿತು, ನಿಲ್ಲಲಿಲ್ಲ. ಮರುದಿನ ವಾಂತಿ. ಕಾಲು ಬಾತುಕೊಂಡಿತು, ಮೂತ್ರ ಹೋಗುವುದು ಕಡಿಮೆಯಾಯಿತು. ದೇಹದ ವಿಷ ಹೊರಗೆ ಬೀಳುತ್ತಿದೆ, ಹೆದರಬೇಡಿ ಎಂದು ಶಿಬಿರದವರು ಫೋನಿನಲ್ಲಿ ಹೇಳಿದರು. ಆ ಮಾತಿಗೆ ಎರಡು ದಿನ ಹೋಯಿತು.

ಕೊನೆಗೆ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ವೈದ್ಯರು ತುಳುವಿನಲ್ಲಿಯೇ ಅತ್ತೆಯ ಬಳಿ ಒಂದೊಂದಾಗಿ ಕೇಳುತ್ತಾ ಹೋದರು: ಯಾವ ಮಾತ್ರೆ, ಯಾವ ಕಷಾಯ, ಬೆಳಿಗ್ಗೆ ಎದ್ದು ಏನು ಕುಡಿಯುತ್ತಾರೆ. ಅತ್ತೆ ಬಿಂಬುಳಿ ಎಂದಾಗ ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?" ಎಂದು ಕೇಳಿದರು. ನಾಲ್ಕು ಬಾರಿ ಡಯಾಲಿಸಿಸ್ ಆಯಿತು. ಮೂರು ವಾರಗಳ ಮೇಲೆ ಮಾವ ಮನೆಗೆ ಬಂದರು. ಈಗ ನಡೆದಾಡುತ್ತಾರೆ, ಆದರೆ ಮೊದಲಿನ ಮಾವ ಅಲ್ಲ.

ಇದು ನಮ್ಮ ಮನೆಯೊಂದರ ದುರದೃಷ್ಟವೆಂದು ತಾವು ಭಾವಿಸಬಾರದು. ಕೊಲೆಸ್ಟರಾಲ್ ಇಳಿಸಲೆಂದು ಬಿಂಬುಳಿಯ ಸಾಂದ್ರ ರಸ ಕುಡಿದು ಮೂತ್ರಪಿಂಡ ಕೆಟ್ಟ ಹತ್ತು ಮಂದಿ ರೋಗಿಗಳ ವಿವರವನ್ನು ಕೇರಳದ ವೈದ್ಯರೇ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಕಾರಣವೂ ತಿಳಿದದ್ದೇ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಬಹಳ. ಅದು ಅನ್ನದೊಡನೆ, ಮಜ್ಜಿಗೆಯೊಡನೆ, ಮೀನಿನೊಡನೆ ಸ್ವಲ್ಪವೇ ಹೋದಾಗ ಆಹಾರದ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. ಖಾಲಿ ಹೊಟ್ಟೆಗೆ ಲೋಟ ತುಂಬ ಹೋದಾಗ ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಾಗಿ ಕೂರುತ್ತದೆ. ದಾರೆಹುಳಿಯ (ನಕ್ಷತ್ರಹಣ್ಣಿನ) ಗುಣವೂ ಇದೇ. ಮೂತ್ರಪಿಂಡ ದುರ್ಬಲವಾಗಿರುವವರು ಅದರ ಒಂದು ಹಣ್ಣಿಗೂ ಅಂಜಬೇಕು.

ನಮ್ಮ ಹಿರಿಯರು ಬಿಂಬುಳಿ ತಿನ್ನಲಿಲ್ಲವೇ? ತಿಂದರು. ಎರಡು ಕಾಯಿಯನ್ನು ಹಸಿಮೆಣಸು, ತೆಂಗಿನಕಾಯಿಯೊಡನೆ ಕಡೆದರೆ ಆರು ಮಂದಿಯ ಊಟಕ್ಕೆ ಚಟ್ನಿಯಾಗುತ್ತಿತ್ತು. ಉಳಿದದ್ದು ಉಪ್ಪಿನಲ್ಲಿ ಬೀಳುತ್ತಿತ್ತು, ಹಿತ್ತಾಳೆ ಪಾತ್ರೆ ತಿಕ್ಕಲು ಹೋಗುತ್ತಿತ್ತು. ಹಿತ್ತಾಳೆಯ ಕಿಲುಬು ತೆಗೆಯುವ ಹುಳಿಯನ್ನು ಲೋಟದಲ್ಲಿ ಕುಡಿಯಬೇಕೆಂದು ಯಾವ ಅಜ್ಜಿಯೂ ಹೇಳಲಿಲ್ಲ. ಚಟ್ನಿಯಲ್ಲಿ ಇದ್ದದ್ದನ್ನು ಲೋಟಕ್ಕೆ ತಂದು, ಆ ಲೋಟಕ್ಕೆ ಹಿರಿಯರ ಹೆಸರಿಟ್ಟಿದ್ದಾರೆ. ನನ್ನ ಆಕ್ಷೇಪವಿರುವುದು ಇಲ್ಲಿ.

ನಿಜವಾಗಿ ಹಿರಿಯರು ಏನನ್ನು ಹಸಿಯಾಗಿ ತಿನ್ನುತ್ತಿದ್ದರು ಎಂಬುದಕ್ಕೆ ನಮ್ಮ ತಂಬುಳಿಯೇ ಸಾಕ್ಷಿ. ಬಾವಿಕಟ್ಟೆಯ ಬದಿಯಲ್ಲಿ, ತೋಟದ ಕಣಿಯ ಅಂಚಿನಲ್ಲಿ ಹಬ್ಬುವ ಒಂದೆಲಗವನ್ನು ಬೇರಿನೊಂದಿಗೆ ಒಂದು ಹಿಡಿ ಕಿತ್ತು, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಕಡೆದು, ಮಜ್ಜಿಗೆ ಬೆರೆಸಿದರೆ ಮುಗಿಯಿತು. ಒಲೆಗೆ ಇಡುವ ಕ್ರಮವಿಲ್ಲ. ಆದರೆ ಪೇರಳೆಯ ಕುಡಿ, ನೆಕ್ಕರೆಯ ಕುಡಿಯಾದರೆ ಅತ್ತೆ ಮೊದಲು ತುಪ್ಪದಲ್ಲಿ ಬಾಡಿಸಿಕೊಳ್ಳುತ್ತಾರೆ. ಯಾವ ಎಲೆ ಹಾಗೆಯೇ, ಯಾವ ಎಲೆ ಬಾಡಿಸಿ, ಯಾವುದು ಒಂದು ಹಿಡಿ, ಯಾವುದು ನಾಲ್ಕೇ ಎಲೆ ಎಂಬ ಲೆಕ್ಕ ಅವರ ಕೈಯಲ್ಲಿದೆ. ಮಾವಿನಹಣ್ಣಿನ ಸಾಸಿವೆ, ನೆಲ್ಲಿಕಾಯಿಯ ಗೊಜ್ಜು, ಪುನರ್ಪುಳಿಯ ನೀರು, ಬೊಂಡದ ಎಳನೀರು, ಕೋಸಂಬರಿ, ಇವೆಲ್ಲ ಬೆಂಕಿ ಕಾಣದ ಆಹಾರಗಳೇ.

ಅದೇ ಅಡುಗೆಮನೆಯಲ್ಲಿ ಬೆಂಕಿಯಿಲ್ಲದೆ ಬಾಯಿಗಿಡಬಾರದ ವಸ್ತುಗಳ ಪಟ್ಟಿಯೂ ಅಷ್ಟೇ ಉದ್ದವಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆಗೆ ಕೊಯ್ಯುವ ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದಲೇ ಹುಳಿ ಹಾಕಿ, ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತೇವೆ. ಇಲ್ಲವಾದರೆ ಗಂಟಲು ತುರಿಸುತ್ತದೆ. ಕಣಿಲೆಯನ್ನು ಕೊಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕುವುದು ರುಚಿಗೋಸ್ಕರವಲ್ಲ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ಮರಗೆಣಸಿನಲ್ಲೂ ಅದೇ ಅಂಶವಿದೆ, ಆದುದರಿಂದಲೇ ಬೇಯಿಸಿದ ನೀರನ್ನು ಬಸಿದು ಚೆಲ್ಲುತ್ತೇವೆ. ನಮ್ಮ ಜಿಲ್ಲೆಯ ಗೇರುಬೀಜವನ್ನು ಸುಡದೆ ಒಡೆಯಲು ಹೋದ ಮಕ್ಕಳ ತುಟಿಯ ಮೇಲೆ ಸೊನೆ ತಾಗಿ ಏಳುವ ಬೊಕ್ಕೆಯನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಸೋರೆಕಾಯಿ ಕೊಯ್ದರೆ ತುದಿಯ ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ನೋಡುವುದು ಅತ್ತೆಯ ಅಭ್ಯಾಸ. ಕಹಿಯಾದರೆ ಗೊಬ್ಬರದ ಗುಂಡಿಗೆ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನು ಕೂರಿಸಿ, ಕಹಿಯಾದ ರಸವನ್ನು ಕುಡಿಯಲೇಬಾರದೆಂದು ಹೇಳಿತು. ಅತ್ತೆಯ ನಾಲಗೆ ಹೇಳುವುದೂ ಅದನ್ನೇ.

ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವನ್ನು ಶಿಬಿರದವರು ಹಸಿ ಔಷಧಿಗೆ ದೊಡ್ಡ ಉದಾಹರಣೆಯಾಗಿ ಕೊಡುತ್ತಾರೆ. ಬೆಳಕು ಹರಿಯುವ ಮೊದಲು ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಜೀರಿಗೆ, ಓಮ, ಕಾಳುಮೆಣಸು, ಬೆಳ್ಳುಳ್ಳಿಯೊಡನೆ ಅರೆದು ರಸ ಹಿಂಡುತ್ತಾರೆ. ಆಮೇಲೆ ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಮುಳುಗಿಸುವಾಗ ಚುಂಯ್ ಎಂದು ಹಬೆ ಏಳುತ್ತದೆ. ಚಿಕ್ಕಂದಿನಲ್ಲಿ ನಾವು ಆ ಸದ್ದಿಗಾಗಿಯೇ ಎದ್ದು ಕೂರುತ್ತಿದ್ದೆವು. ಅಂದರೆ ಅದಕ್ಕೂ ಬೆಂಕಿಯ ಸ್ಪರ್ಶ ಬೇಕೆಂದು ಹಿರಿಯರು ಬಗೆದಿದ್ದರು. ಅದೂ ವರ್ಷಕ್ಕೆ ಒಂದು ದಿನ, ಅರ್ಧ ಲೋಟದಷ್ಟು, ಅದರ ಹಿಂದೆಯೇ ಉಷ್ಣ ತಣಿಯಲು ಮೆಂತೆಗಂಜಿ. ಮರ ಗುರುತಿಸಲು ತಿಳಿದವರೇ ಹೋಗಬೇಕು. ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆಯನ್ನು ತಂದರೆ ಅದರಲ್ಲಿರುವ ಸ್ಟ್ರಿಕ್ನಿನ್ ಪ್ರಾಣವನ್ನೇ ತೆಗೆಯಬಲ್ಲುದು. ಇಷ್ಟು ಕಟ್ಟುಪಾಡಿನ ನಡುವೆ ಉಳಿದುಬಂದ ಒಂದು ದಿನದ ಆಚರಣೆಯನ್ನು ವರ್ಷವಿಡೀ ಬೇಯಿಸದೆ ತಿನ್ನುವುದಕ್ಕೆ ಸಮರ್ಥನೆಯಾಗಿ ಬಳಸುವುದು ಹಿರಿಯರಿಗೆ ಮಾಡುವ ಅನ್ಯಾಯ.

ಪ್ರಕೃತಿ ಚಿಕಿತ್ಸೆಯ ಮಾತು ಬಂದಲ್ಲೆಲ್ಲ ಗಾಂಧೀಜಿಯವರ ಹೆಸರು ಬರುತ್ತದೆ. ಅವರು 1929ರಲ್ಲಿ ಬೇಯಿಸದ ಆಹಾರದ ಪ್ರಯೋಗವನ್ನು ತಮ್ಮ ಮೇಲೆಯೇ ನಡೆಸಿ, ಅದರ ಏರುಪೇರುಗಳನ್ನು ತಮ್ಮ ಪತ್ರಿಕೆಯಲ್ಲಿ ಬರೆದರು; ಕೆಲವೇ ತಿಂಗಳಲ್ಲಿ ಆಮಶಂಕೆ ಹಿಡಿದಾಗ ಪ್ರಯೋಗವನ್ನು ಕೈಬಿಟ್ಟುದನ್ನೂ ಮುಚ್ಚಿಡಲಿಲ್ಲ. ಹಸಿ ಆಹಾರವನ್ನು ಬೋಧಿಸುವವರು ಅವರ ಪ್ರಯೋಗವನ್ನು ನೆನೆಯುವಾಗ ಆ ಎರಡನೆಯ ಅರ್ಧವನ್ನೂ ನೆನೆಯಲಿ ಎಂಬುದು ನನ್ನ ಪ್ರಾರ್ಥನೆ. ಹಾಲು, ಮೊಟ್ಟೆ, ಮೀನು ಯಾವುದೂ ಇಲ್ಲದೆ ವರ್ಷಗಟ್ಟಲೆ ಹಸಿ ಸೊಪ್ಪಿನಲ್ಲೇ ಇರುವವರಿಗೆ ಬಿ12 ಜೀವಸತ್ವದ ಕೊರತೆಯಾಗಿ ಕೈಕಾಲು ಜೋಮು ಹಿಡಿಯುತ್ತದೆ. ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್, ಕ್ಷಯ ಬರಬಹುದು. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದಾಗ ಬಾವಲಿ ಕಚ್ಚಿದ ಹಣ್ಣು ತಿನ್ನಬಾರದೆಂದು ತಮ್ಮ ಇಲಾಖೆಯೇ ನಮಗೆ ಕಲಿಸಿದೆ.

ಹಸಿಯಾಗಿ ತಿನ್ನುವ ಎಲೆಯ ಮೇಲೆ ಏನು ಬಿದ್ದಿದೆಯೆಂಬ ಪ್ರಶ್ನೆಯನ್ನು ಕಾಸರಗೋಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲ ಇದು. ಪಡ್ರೆ, ಸ್ವರ್ಗದ ಮಕ್ಕಳನ್ನು ನೋಡಿದವರು ಸೊಪ್ಪನ್ನು ತೊಳೆಯದೆ ಬಾಯಿಗಿಡಲಾರರು. ಇಂದಿಗೂ ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಮೈಲುತುತ್ತು ಸುಣ್ಣದ ಮದ್ದು ಬಿಡುತ್ತೇವೆ, ಅದರ ಹನಿಗಳು ಬೀಳುವುದು ಮರದ ಬುಡದ ಒಂದೆಲಗದ ಮೇಲೆಯೇ. ಮದ್ದು ಬಿಟ್ಟ ತೋಟದ ಎಲೆಯನ್ನು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಕೊಯ್ಯುವುದಿಲ್ಲ. ತಂಬುಳಿಗೆಂದೇ ಗುಡ್ಡಕ್ಕೆ ಕೊರೆದ ಸುರಂಗದ ನೀರು ಬೀಳುವ ಕಡೆ ಒಂದು ಪಾತಿ ಬೇರೆ ಮಾಡಿದ್ದೇವೆ. ಶಿಬಿರದಲ್ಲಿ ಇದರ ಒಂದು ಮಾತೂ ಬರಲಿಲ್ಲವೆಂದು ಮಾವ ಹೇಳಿದರು.

ಹಾಗಾದರೆ ನಮ್ಮ ಹಿರಿಯರು ಅಲ್ಲಿಗೆ ಯಾಕೆ ಹೋಗುತ್ತಾರೆ? ಈ ಪ್ರಶ್ನೆಯನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮಾವನ ಬಳಿಯೇ ಕೇಳಿದೆ. ಅವರು ಹೇಳಿದ ಉತ್ತರ ಇಷ್ಟೇ: "ಅವರು ನನ್ನ ಹತ್ತಿರ ಒಂದು ಗಂಟೆ ಕೂತು ಕನ್ನಡದಲ್ಲಿ ಮಾತಾಡಿದರು ಮಗಾ. ನಾನು ಏನು ತಿನ್ನುತ್ತೇನೆ ಅಂತ ಕೇಳಿದರು."

1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದವರಲ್ಲೂ ಮಲೆಯಾಳ ಓದಲು ಬಾರದವರು ನಮ್ಮ ಗಡಿಯ ಪಂಚಾಯತುಗಳಲ್ಲಿ ಬಹಳ ಮಂದಿ ಇದ್ದಾರೆ. ಮಾವನಿಗೂ ಮಲೆಯಾಳ ಓದಲು ಬಾರದು. ಸಕ್ಕರೆ ಕಾಯಿಲೆಗೆ ಹತ್ತು ವರ್ಷಗಳಿಂದ ಸರಕಾರಿ ಮಾತ್ರೆ ನುಂಗುತ್ತಿದ್ದರೂ ಆ ಮಾತ್ರೆ ಏನು ಮಾಡುತ್ತದೆ, ಬಿಟ್ಟರೆ ಏನಾಗುತ್ತದೆ, ಹಲಸಿನಹಣ್ಣಿನ ಎಷ್ಟು ಸೊಳೆ ತಿನ್ನಬಹುದು ಎಂಬುದನ್ನು ಅವರ ಭಾಷೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಕೈಗೆ ಕೊಟ್ಟ ಆಹಾರದ ಚೀಟಿ ಮಲೆಯಾಳದಲ್ಲಿತ್ತು. ಅದರಲ್ಲಿದ್ದ ಪುಟ್ಟು, ಕಡಲೆಗಳು ನಮ್ಮ ಮನೆಯ ಬೆಳಗಿನ ಗಂಜಿ, ಚಟ್ನಿ, ತಂಬುಳಿಗೆ ಹೊಂದುವಂಥವಲ್ಲ. ವೈದ್ಯರ ಮೇಲೆ ನನಗೆ ದೂರಿಲ್ಲ. ಒಂದು ಬೆಳಗಿನಲ್ಲಿ ನೂರು ಮಂದಿಯನ್ನು ನೋಡಬೇಕಾದವರು ಒಬ್ಬರ ಬಳಿ ಎಷ್ಟು ಹೊತ್ತು ಕೂರಲು ಸಾಧ್ಯ? ದೊಡ್ಡ ಆಸ್ಪತ್ರೆಗಾದರೆ ಈಗಲೂ ಮಂಗಳೂರನ್ನೇ ನಂಬಬೇಕು. 2020ರ ವಸಂತದಲ್ಲಿ ಕೋವಿಡ್ ಕಾರಣಕ್ಕೆ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಆ ನಂಬಿಕೆಯ ಬೆಲೆ ಏನೆಂದು ಕಂಡೆವು. ಆ ಭಯ ಮನಸ್ಸಿನಲ್ಲಿ ಉಳಿದವರಿಗೆ ಮನೆಯಂಗಳದ ಎಲೆಯೇ ಸಾಕು, ಆಸ್ಪತ್ರೆ ಬೇಡ ಎಂಬ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕೆಂದು ತಾವು ಊಹಿಸಬೇಕು.

ಆದುದರಿಂದ ಶಿಬಿರಗಳನ್ನು ಮುಚ್ಚಿಸಿ ಎಂದಷ್ಟೇ ನಾನು ಕೇಳುವುದಿಲ್ಲ. ಅವು ಮುಚ್ಚಿದರೂ ಆ ಖಾಲಿ ಜಾಗ ಹಾಗೆಯೇ ಉಳಿಯುತ್ತದೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಒಂದು ದಿನವಾದರೂ ಕನ್ನಡ ಅಥವಾ ತುಳುವಿನಲ್ಲಿ ಊಟದ ಬಗ್ಗೆ ಕೂತು ಮಾತಾಡುವವರನ್ನು ನೇಮಿಸಿರಿ. ನಮ್ಮ ಸೊಪ್ಪು, ಗೆಡ್ಡೆ, ಕಾಯಿ, ಹಣ್ಣುಗಳಲ್ಲಿ ಯಾವುದನ್ನು ಹಸಿಯಾಗಿ, ಯಾವುದನ್ನು ಬೇಯಿಸಿ, ಎಷ್ಟು, ಯಾವ ಕಾಯಿಲೆಯವರು ಯಾವುದನ್ನು ಬಿಡಬೇಕು ಎಂಬುದನ್ನು ತಿಳಿಸುವ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಮಾಡಿಸಿರಿ. ಅದನ್ನು ತಿರುವನಂತಪುರದಿಂದ ಅನುವಾದಿಸಿ ಕಳಿಸಬೇಡಿ. ಇಲ್ಲಿಯ ವೈದ್ಯರು, 1916ರಿಂದ ಇಲ್ಲಿ ತೆಂಗಿನ ಸಂಶೋಧನೆ ನಡೆಸುತ್ತಾ ಬಂದಿರುವ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ಮತ್ತು ಅಡುಗೆ ಬಲ್ಲ ಹೆಂಗಸರು ಒಟ್ಟಿಗೆ ಕೂತು ಬರೆಯಲಿ. ಆಶಾ ಕಾರ್ಯಕರ್ತೆಯರು, ಕುಟುಂಬಶ್ರೀ ಮಹಿಳಾ ಸಂಘದವರು, ಅಂಗನವಾಡಿಯವರು ಅದನ್ನು ಮನೆಮನೆಗೆ ತಲುಪಿಸಬಲ್ಲರು.

ಶಿಬಿರ ನಡೆಸುವವರ ವಿಷಯದಲ್ಲಿ ನನ್ನ ಬೇಡಿಕೆ ಖಚಿತವಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಅಪಸ್ಮಾರಗಳನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ರಸ, ಪುಡಿಗಳನ್ನು ಮಾರುತ್ತಾ ಇದೇ ಭರವಸೆ ಕೊಡುವ ಕರಪತ್ರಗಳು ಅದರ ಅಡಿಗೆ ಬರುತ್ತವೆಯೇ ಎಂಬುದನ್ನು ತಮ್ಮ ಅಧಿಕಾರಿಗಳು ಪರಿಶೀಲಿಸಲಿ. ಪ್ರಕೃತಿ ಚಿಕಿತ್ಸೆಯನ್ನು ಐದೂವರೆ ವರ್ಷ ಓದಿ ಪದವಿ ಪಡೆದ ವೈದ್ಯರಿದ್ದಾರೆ, ನಮಗೆ ದೂರವಲ್ಲದ ಉಜಿರೆಯಲ್ಲಿ 1989ರಿಂದ ಅಂಥ ಕಾಲೇಜೇ ಇದೆ. ಅಂಥವರೊಬ್ಬರ ಹೊಣೆಯಿಲ್ಲದೆ ರೋಗಿಗಳ ಶಿಬಿರಕ್ಕೆ ಪಂಚಾಯತು ಅನುಮತಿ ಕೊಡದಿರಲಿ. ಮಾತ್ರೆ ನಿಲ್ಲಿಸುವಂತೆ ಯಾವ ಶಿಬಿರವೂ ಹೇಳಕೂಡದು. ಮಾತ್ರೆಯನ್ನು ಕಡಿಮೆ ಮಾಡಬೇಕಾದರೆ ಅದನ್ನು ಬರೆದ ವೈದ್ಯರೇ ರಕ್ತ ಪರೀಕ್ಷೆ ನೋಡಿ ಮಾಡಲಿ. ನನ್ನ ಸಕ್ಕರೆ ಇಳಿದದ್ದೂ ಹಾಗೆ, ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು.

ಬಿಂಬುಳಿ ಮರವನ್ನು ಕಡಿಸುತ್ತೇನೆಂದು ನನ್ನ ಗಂಡ ಹೊರಟಾಗ ಅತ್ತೆ ಬಿಡಲಿಲ್ಲ. "ಮರ ಏನು ಮಾಡಿತು?" ಎಂದರು. ಈ ವರ್ಷವೂ ಅದು ಕಾಯಿ ಬಿಟ್ಟಿದೆ, ಎರಡೆರಡಾಗಿ ಚಟ್ನಿಗೆ ಕೊಯ್ಯುತ್ತಿದ್ದೇವೆ. ಮಾವನಿಗೆ ಮಾತ್ರ ಅದು ಇಲ್ಲ. ಕೈಪಿಡಿ ಬರೆಯಲು ತಾವು ಜನ ಕಳಿಸುವುದಾದರೆ ಅತ್ತೆಗೆ ಎಪ್ಪತ್ತಕ್ಕೂ ಹೆಚ್ಚು ಎಲೆ, ಕುಡಿ, ಗೆಡ್ಡೆಗಳ ಗುರುತು ಮತ್ತು ಅಳತೆ ತಿಳಿದಿದೆ. ಅವರು ಓದುಬರಹ ಕಲಿತವರಲ್ಲ. ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಆಟಿ ಬರುವ ಮೊದಲು ಬಂದರೆ ಒಳ್ಳೆಯದು. ಜಡಿಮಳೆ ಹಿಡಿದ ಮೇಲೆ ತೋಟದಲ್ಲಿ ಗಿಡ ತೋರಿಸುತ್ತಾ ನಡೆಯಲು ಅವರ ಮೊಣಕಾಲು ಬಿಡುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಎಣ್ಮಕಜೆಯ ಒಬ್ಬ ಕೃಷಿಕ ಮಹಿಳೆ